ಇಲ್ಲದ ಊರಿನ ನಕ್ಷೆ

ಗ್ರೀಕ್ ಭಾಷೆಯಲ್ಲಿ ‘ಊ’ ಎಂದರೆ ಇಲ್ಲ, ‘ಟೋಪೋಸ್’ ಎಂದರೆ ಸ್ಥಳ. ಇವೆರಡನ್ನೂ ಬೆಸೆದು ಇಂಗ್ಲೆಂಡಿನ ಥಾಮಸ್ ಮೋರ್ ಎಂಬ ನ್ಯಾಯವಾದಿಯು 1516ರಲ್ಲಿ ಒಂದು ದ್ವೀಪಕ್ಕೆ ಹೆಸರಿಟ್ಟನು: ಯುಟೋಪಿಯಾ, ಅಂದರೆ ಇಲ್ಲದ ಊರು. ಅದೇ ಭಾಷೆಯಲ್ಲಿ ‘ಒಳ್ಳೆಯ’ ಎಂಬರ್ಥದ ಮತ್ತೊಂದು ಪೂರ್ವಪದವೂ ಉಂಟು. ಅದನ್ನು ಸೇರಿಸಿ ಓದಿದರೆ ಒಳ್ಳೆಯ ಊರು ಎಂದಾಗುತ್ತದೆ. ಒಳ್ಳೆಯ ಊರು, ಇಲ್ಲದ ಊರು, ಎರಡೂ ಒಂದೇ ಉಚ್ಚಾರಣೆಯಲ್ಲಿ ಅಡಗಿರುವುದು ಮೋರನ ಚಮತ್ಕಾರ. ಅಷ್ಟಕ್ಕೇ ಅವನು ಸುಮ್ಮನಾಗಲಿಲ್ಲ. ಆ ದ್ವೀಪದ ರಾಜಧಾನಿಯ ಹೆಸರಿನ ಅರ್ಥ ಮಸುಕು ನಗರ. ಅದರ ಪಕ್ಕದಲ್ಲಿ ಹರಿಯುವ ನದಿಯ ಹೆಸರಿನ ಅರ್ಥ ನೀರಿಲ್ಲದ ಹೊಳೆ. ಅದೆಲ್ಲವನ್ನೂ ಕಣ್ಣಾರೆ ಕಂಡು ಬಂದೆನೆಂದು ಹೇಳುವ ಯಾತ್ರಿಕನ ಹೆಸರಿನ ಅರ್ಥ ಹರಟೆಯಲ್ಲಿ ನಿಪುಣ. ಹೀಗೆ ಬರೆದವನೇ ಬಾಗಿಲಿಗೆ ಬೀಗ ಜಡಿದು ಹೋಗಿದ್ದಾನೆ. ಆದರೂ ಆ ಮೊದಲ ಮುದ್ರಣದಲ್ಲಿ ದ್ವೀಪದ ಒಂದು ನಕ್ಷೆಯನ್ನು ಅಚ್ಚುಹಾಕಿಸಲಾಗಿತ್ತು! ಕಳೆದ ಐದುನೂರು ವರ್ಷಗಳಿಂದ ಲೋಕದ ಸಜ್ಜನರು ಆ ನಕ್ಷೆಯನ್ನು ಕೈಯಲ್ಲಿ ಹಿಡಿದು ಊರನ್ನು ಹುಡುಕುತ್ತಲೇ ಇದ್ದಾರೆ.

ಇದನ್ನು ಕೇವಲ ಪಂಡಿತನ ವಿನೋದವೆಂದು ತಳ್ಳಿಹಾಕುವಂತಿಲ್ಲ. ಗ್ರಂಥದ ಪೂರ್ವಭಾಗದಲ್ಲಿ ಮೋರನು ತನ್ನ ಕಾಲದ ಇಂಗ್ಲೆಂಡಿನ ಸ್ಥಿತಿಯನ್ನು ಬಿಚ್ಚಿಡುತ್ತಾನೆ. ಉಣ್ಣೆಗೆ ಬೆಲೆ ಬಂದಿದ್ದರಿಂದ ಜಮೀನುದಾರರು ಉಳುವ ಹೊಲಗಳಿಗೆ ಬೇಲಿ ಹಾಕಿ ಕುರಿ ಬಿಟ್ಟರು. ಒಕ್ಕಲೆಬ್ಬಿಸಲ್ಪಟ್ಟ ರೈತರು ಹೊಟ್ಟೆಗಿಲ್ಲದೆ ಕದ್ದರು. ಕದ್ದವರನ್ನು ಸಾಲಾಗಿ ಗಲ್ಲಿಗೇರಿಸಲಾಯಿತು. ಮೊದಲು ಮನುಷ್ಯನನ್ನು ಕಳ್ಳನನ್ನಾಗಿ ಮಾಡಿ ಅನಂತರ ಕಳ್ಳನೆಂದು ದಂಡಿಸುವುದು ಯಾವ ನ್ಯಾಯವೆಂಬುದು ಆ ಯಾತ್ರಿಕನ ಪ್ರಶ್ನೆ. ಈ ಸಂಕಟದಿಂದಲೇ ದ್ವೀಪದ ಕಲ್ಪನೆ ಹುಟ್ಟಿದೆ. ಅಲ್ಲಿ ಐವತ್ತನಾಲ್ಕು ನಗರಗಳು, ಎಲ್ಲವೂ ಒಂದೇ ಮಾದರಿ. ಖಾಸಗಿ ಆಸ್ತಿಯಿಲ್ಲ. ದಿನಕ್ಕೆ ಆರೇ ಗಂಟೆ ದುಡಿಮೆ. ಉಳಿದ ಹೊತ್ತು ವಿದ್ಯಾಭ್ಯಾಸಕ್ಕೆ. ಹತ್ತು ವರ್ಷಕ್ಕೊಮ್ಮೆ ಚೀಟಿ ಎತ್ತಿ ಮನೆ ಬದಲಾಯಿಸುತ್ತಾರೆ, ಯಾರಿಗೂ ‘ನನ್ನದು’ ಎಂಬ ಭಾವ ಬೇರೂರಬಾರದೆಂದು. ಚಿನ್ನದಿಂದ ಮೂತ್ರಪಾತ್ರೆಗಳನ್ನೂ ಅಪರಾಧಿಗಳ ಸಂಕೋಲೆಗಳನ್ನೂ ಮಾಡಿಸುತ್ತಾರೆ. ಮೈತುಂಬ ಬಂಗಾರ ಹೇರಿಕೊಂಡು ಬಂದ ಪರದೇಶದ ರಾಯಭಾರಿಗಳನ್ನು ಅಲ್ಲಿಯ ಮಕ್ಕಳು ವಿದೂಷಕರೆಂದು ತಿಳಿದು ನಗುವ ಪ್ರಸಂಗವನ್ನು ಓದಿದಾಗ ನಮ್ಮ ಮದುವೆಮನೆಗಳು ಕಣ್ಮುಂದೆ ಬಾರದಿರವು.

ಮೂವತ್ತಕ್ಕೂ ಹೆಚ್ಚು ವರ್ಷ ನಾನು ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸಿದವನು. 1981ರಲ್ಲಿ ಐಚ್ಛಿಕ ತರಗತಿಗೆ ಈ ಗ್ರಂಥದ ಉತ್ತರಭಾಗವನ್ನು ಪಾಠ ಹೇಳುತ್ತಿದ್ದೆ. ಸಾಮೂಹಿಕ ಭೋಜನಶಾಲೆಯ ವರ್ಣನೆ ಬಂದಿತು. ಕೊಂಬು ಊದಿದೊಡನೆ ಇಡೀ ಕೇರಿಯವರು ಬಂದು ಒಟ್ಟಿಗೆ ಕುಳಿತು ಉಣ್ಣುವ ಆ ಚಿತ್ರ ಮನೋಹರವಾದುದು. ಹಿಂದಿನ ಬೆಂಚಿನಲ್ಲಿ ಎಂದೂ ಬಾಯಿ ತೆರೆಯದ ಹುಡುಗನೊಬ್ಬನು ಎದ್ದು ನಿಂತು, “ಸಾರ್, ಊಟವಾದ ಮೇಲೆ ಅಲ್ಲಿ ಪಾತ್ರೆ ತಿಕ್ಕುವವರು ಯಾರು?” ಎಂದು ಕೇಳಿದನು. ಅವನ ತಂದೆ ಪುರಸಭೆಯ ಪೌರಕಾರ್ಮಿಕರೆಂಬುದು ತರಗತಿಗೆಲ್ಲ ತಿಳಿದಿತ್ತು. ಗ್ರಂಥದಲ್ಲಿ ಅದಕ್ಕೆ ಉತ್ತರವಿದೆ, ಅದನ್ನೇ ಓದಿದೆ. ಅಡುಗೆ ಮಾಡುವವರು ಸರದಿಯ ಮೇರೆಗೆ ಆಯಾ ಮನೆಗಳ ಹೆಂಗಸರು. ಆದರೆ ಭೋಜನಶಾಲೆಯ ಹೊಲಸು ಕೆಲಸ, ಭಾರದ ಕೆಲಸವೆಲ್ಲ ಗುಲಾಮರದು. ಪ್ರಾಣಿಗಳನ್ನು ಕಡಿದು ಶುದ್ಧಿ ಮಾಡುವುದೂ ಗುಲಾಮರೇ, ಅದೂ ಊರ ಹೊರಗೆ. ಏಕೆಂದರೆ ಕೊಲ್ಲುವ ಅಭ್ಯಾಸದಿಂದ ಪ್ರಜೆಗಳ ಮನಸ್ಸಿನ ಕರುಣೆ ಕುಂದಬಾರದಂತೆ. ಓದಿ ಮುಗಿಸಿದಾಗ ತರಗತಿ ನಿಶ್ಶಬ್ದವಾಗಿತ್ತು. ಆ ಹುಡುಗ ಕುಳಿತುಕೊಳ್ಳುತ್ತ ಮೆಲ್ಲನೆ, “ಹಾಗಾದರೆ ಅದು ನಮ್ಮ ಊರೇ ಸಾರ್” ಎಂದನು.

ಅಂದಿನಿಂದ ಆದರ್ಶ ಸಮಾಜವನ್ನು ವರ್ಣಿಸುವ ಯಾವ ಗ್ರಂಥ ಕೈಗೆ ಬಂದರೂ ನಾನು ಮೊದಲು ಹುಡುಕುವುದು ಪಾತ್ರೆ ತಿಕ್ಕುವವರನ್ನೇ. ಸಿಂಹಾಸನದಲ್ಲಿ ಯಾರಿದ್ದಾರೆಂಬುದು ಆಮೇಲಿನ ಮಾತು. ಕಾಯಕದಲ್ಲಿ ಮೇಲುಕೀಳಿಲ್ಲವೆಂಬ ನುಡಿಯನ್ನು ಕೇಳುತ್ತಲೇ ಬೆಳೆದ ಈ ಪತ್ರಿಕೆಯ ವಾಚಕರಿಗೆ ಇದರ ಮಹತ್ತ್ವವನ್ನು ವಿವರಿಸಬೇಕಾಗಿಲ್ಲ. ಮಠದ ಅನ್ನವುಂಡು ಓದಿದವರಿಗಂತೂ ಅನುಭವವೇ ಉಂಟು. ಹೈಸ್ಕೂಲಿನ ದಿನಗಳಲ್ಲಿ ನಾನಿದ್ದ ಪ್ರಸಾದ ನಿಲಯದಲ್ಲಿ ನೀರು ಸೇದುವುದಕ್ಕೆ, ಸೌದೆ ಹೊರುವುದಕ್ಕೆ, ಬಡಿಸುವುದಕ್ಕೆ, ಕೊಪ್ಪರಿಗೆ ತಿಕ್ಕುವುದಕ್ಕೆ ಪಾಳಿಯಿತ್ತು. ಗೋಡೆಯ ಮೇಲಿನ ಕರಿಹಲಗೆಯಲ್ಲಿ ಸೀಮೆಸುಣ್ಣದಿಂದ ಬರೆದ ಆ ಪಟ್ಟಿಗಿಂತ ನ್ಯಾಯಸಮ್ಮತವಾದ ಸಂವಿಧಾನವನ್ನು ನಾನು ಇಂದಿಗೂ ಕಂಡಿಲ್ಲ. ಗೌಡರ ಮಗನಿಗೂ ಕೂಲಿಯವನ ಮಗನಿಗೂ ಒಂದೇ ಬೂದಿ, ಒಂದೇ ತೆಂಗಿನ ನಾರು. ಆದರೆ ಪಟ್ಟಿ ಬಿದ್ದ ಎರಡೇ ವಾರಗಳಲ್ಲಿ ಒಂದು ಸಂತೆ ಹುಟ್ಟಿಕೊಂಡಿತು. ಕೊಪ್ಪರಿಗೆಯ ಒಂದು ಪಾಳಿಗೆ ಎರಡು ಅಚ್ಚು ಬೆಲ್ಲ. ಹಬ್ಬದ ಮರುದಿನದ್ದಾದರೆ ಮೂರು. ಮನೆಯಿಂದ ಬೆಲ್ಲ ಬರುತ್ತಿದ್ದವರು ಕೊಪ್ಪರಿಗೆಯ ಹತ್ತಿರ ಸುಳಿಯಲಿಲ್ಲ. ಏನೂ ಬಾರದವರು ಎರಡೆರಡು ಪಾಳಿ ತಿಕ್ಕಿ ಬೆಲ್ಲ ತಿಂದರು. ನಿಯಮವನ್ನು ಯಾರೂ ಮುರಿದಿರಲಿಲ್ಲ; ಪಾಳಿ ತಪ್ಪಿರಲಿಲ್ಲ; ಕೊಪ್ಪರಿಗೆ ಫಳಫಳ ಹೊಳೆಯುತ್ತಿತ್ತು. ಹನ್ನೆರಡು ಹದಿಮೂರು ವರ್ಷದ ಮಕ್ಕಳಿಗೆ ಇದನ್ನು ಕಲಿಸಿದವರಾರು? ಯಾರೂ ಅಲ್ಲ.

ಗ್ರಂಥದಿಂದ ಭೂಮಿಗಿಳಿದ ಕೆಲವು ಯುಟೋಪಿಯಾಗಳ ವೃತ್ತಾಂತವೂ ಇಲ್ಲಿ ಪ್ರಸ್ತುತ. ರಾಬರ್ಟ್ ಓವೆನ್ 1825ರಲ್ಲಿ ಅಮೆರಿಕದ ಇಂಡಿಯಾನಾ ಪ್ರಾಂತದಲ್ಲಿ ನೆಲೆಗೊಳಿಸಿದ ‘ನ್ಯೂ ಹಾರ್ಮನಿ’ ಎರಡು ವರ್ಷವೂ ನೆಟ್ಟಗೆ ಬಾಳಲಿಲ್ಲ. ಬಾಸ್ಟನ್ ಸಮೀಪದ ಬ್ರೂಕ್ ಫಾರ್ಮ್ 1841ರಿಂದ 1847ರವರೆಗೆ ನಡೆಯಿತು. ಅಲ್ಲಿಗೆ ಉತ್ಸಾಹದಿಂದ ಹೋದ ಕಾದಂಬರಿಕಾರ ಹಾಥಾರ್ನ್, ಕೆಲವು ತಿಂಗಳು ಗೊಬ್ಬರ ಎತ್ತಿ, ಹಗಲೆಲ್ಲ ಗೊಬ್ಬರ ಎತ್ತುವವನಿಗೆ ಬರೆಯುವ ಚೈತನ್ಯ ಉಳಿಯದೆಂದು ಕಂಡುಕೊಂಡು ಹಿಂತಿರುಗಿದನು. ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಕಲಕಿದ್ದು ‘ಫ್ರೂಟ್‌ಲ್ಯಾಂಡ್ಸ್’ ಎಂಬ ಚಿಕ್ಕ ಪ್ರಯೋಗ. 1843ರ ಜೂನ್ ತಿಂಗಳಲ್ಲಿ ಬ್ರಾನ್ಸನ್ ಆಲ್ಕಾಟ್ ಎಂಬ ತತ್ತ್ವಜ್ಞಾನಿಯು ಮಿತ್ರ ಚಾರ್ಲ್ಸ್ ಲೇನನೊಡನೆ ಮ್ಯಾಸಚೂಸೆಟ್ಸಿನ ಒಂದು ಹೊಲದಲ್ಲಿ ನೆಲೆಸಿದನು. ಮಾಂಸ, ಹಾಲು, ಮೊಟ್ಟೆ ನಿಷಿದ್ಧ. ಉಣ್ಣೆಯ ಬಟ್ಟೆ ಕುರಿಯಿಂದ ಕಸಿದದ್ದು. ಹತ್ತಿಯ ಬಟ್ಟೆ ಗುಲಾಮರ ಬೆವರಿನದು. ಆದ್ದರಿಂದ ಎಲ್ಲರಿಗೂ ನಾರುಬಟ್ಟೆ. ಎತ್ತುಗಳ ದುಡಿಮೆಯನ್ನು ಕದಿಯಬಾರದೆಂದು ಕೈಯಿಂದಲೇ ಅಗೆತ. ಇಂತಹ ನಿಷ್ಕಲ್ಮಷ ಸಂಕಲ್ಪವನ್ನು ನೋಡಿ ನಗುವವನು ಮೂರ್ಖನೇ ಸರಿ. ಆದರೆ ಆಲ್ಕಾಟನ ಹತ್ತು ವರ್ಷದ ಮಗಳು ಎಲ್ಲವನ್ನೂ ನೋಡುತ್ತಿದ್ದಳು. ಮುಂದೆ ‘ಲಿಟಲ್ ವಿಮೆನ್’ ಕಾದಂಬರಿಯಿಂದ ಜಗತ್ಪ್ರಸಿದ್ಧಳಾದ ಲೂಯಿಸಾ ಅವಳೇ. 1873ರಲ್ಲಿ ಅವಳು ಆ ದಿನಗಳನ್ನು ಕಥಾರೂಪದಲ್ಲಿ ಬರೆದಳು. ಧಾನ್ಯ ಕೊಯ್ದು ಒಣಗಲು ಬಿಟ್ಟಿದೆ. ಬಿರುಗಾಳಿ ಮಳೆ ಕವಿಯುತ್ತಿದೆ. ಗಂಡಸರೆಲ್ಲ ಪರಮಾತ್ಮನ ಯಾವುದೋ ಕರೆಗೆ ಓಗೊಟ್ಟು ಹೊರಟುಹೋಗಿದ್ದಾರೆ. ಆಗ ತಾಯಿಯು ಮೂವರು ಪುಟ್ಟ ಹೆಣ್ಣುಮಕ್ಕಳನ್ನೂ ಒಬ್ಬ ಬಾಲಕನನ್ನೂ ಕಟ್ಟಿಕೊಂಡು ಬಟ್ಟೆಬುಟ್ಟಿಗಳಲ್ಲಿ, ಹಾಸಿಗೆಯ ಹೊದಿಕೆಗಳಲ್ಲಿ ಕಾಳನ್ನು ಎಳೆದು ಒಳಗೆ ತರುತ್ತಾಳೆ. ಎತ್ತುಗಳಿಗೆ ಬಿಡುಗಡೆ ಕೊಟ್ಟ ಆ ಹೊಲದಲ್ಲಿ ಭಾರ ಹೊರುವ ಜೀವ ಒಂದೇ ಉಳಿದಿತ್ತೆಂದೂ ಅದು ಆ ಮನೆಯೊಡತಿಯೆಂದೂ ಮಗಳು ನಗುನಗುತ್ತ ಸೂಚಿಸುತ್ತಾಳೆ. ಚಳಿಗಾಲ ಬಂದಿತು. 1844ರ ಜನವರಿಗೆ ಎಲ್ಲವೂ ಮುಗಿಯಿತು. ಏಳು ತಿಂಗಳು.

ನಮ್ಮವರೇ ಆದ ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಬರೆದಿರುವ ಡರ್ಬನ್ನಿನ ಮನೆಯ ಪ್ರಸಂಗವೂ ಈ ಜಾತಿಯದೇ. ಅತಿಥಿಯೊಬ್ಬನ ಮೂತ್ರಪಾತ್ರೆಯನ್ನು ತೆಗೆಯುವ ವಿಷಯದಲ್ಲಿ ಕಸ್ತೂರಬಾ ಕಣ್ಣೀರಿಟ್ಟಾಗ, ನಗುತ್ತ ತೆಗೆಯಬೇಕೆಂದು ಗದರಿಸಿ, ಕೈಹಿಡಿದು ಬಾಗಿಲಿನವರೆಗೆ ಎಳೆದೊಯ್ದುದನ್ನು ಅವರು ಮುಚ್ಚಿಡದೆ ಹೇಳಿಕೊಂಡಿದ್ದಾರೆ. ಸಮಾನತೆಯ ತತ್ತ್ವವು ಮನೆಯ ಹೊಸ್ತಿಲಲ್ಲೇ ಮೊದಲ ಪೆಟ್ಟು ತಿನ್ನುತ್ತದೆ.

ಈ ಪ್ರಶ್ನೆಯನ್ನು ಬುದ್ಧಿಪೂರ್ವಕವಾಗಿ ಎದುರಿಸಿದ ಲೇಖಕರಿಲ್ಲವೆಂದಲ್ಲ. ಅಮೆರಿಕದ ಎಡ್ವರ್ಡ್ ಬೆಲ್ಲಮಿ 1888ರಲ್ಲಿ ‘ಲುಕಿಂಗ್ ಬ್ಯಾಕ್‌ವರ್ಡ್’ ಬರೆದನು. ಅದರ ನಾಯಕ 1887ರಲ್ಲಿ ಮಲಗಿ 2000ದಲ್ಲಿ ಏಳುತ್ತಾನೆ. ಅಷ್ಟರಲ್ಲಿ ಬಡತನ ಮಾಯವಾಗಿದೆ. ಇಪ್ಪತ್ತೊಂದರಿಂದ ನಲವತ್ತೈದು ವರ್ಷದವರೆಗೆ ಸರ್ವರೂ ಕೈಗಾರಿಕಾ ಸೈನ್ಯದಲ್ಲಿ ದುಡಿಯುತ್ತಾರೆ. ಕಠಿಣವಾದ ಕೆಲಸಕ್ಕೆ ಗಂಟೆಗಳು ಕಡಿಮೆ, ಸುಲಭವಾದುದಕ್ಕೆ ಹೆಚ್ಚು. ಲೆಕ್ಕಾಚಾರವೇನೋ ಚೊಕ್ಕ. 2000ನೆಯ ಇಸವಿಯನ್ನು ದಾಟಿ ಬಂದಿರುವ ನಾವು ಆ ಪುಸ್ತಕವನ್ನು ಓದುವಾಗ ಒಂದು ಬಗೆಯ ಕನಿಕರ ಹುಟ್ಟುತ್ತದೆ. ಆದರೆ ಇಂಗ್ಲೆಂಡಿನ ವಿಲಿಯಂ ಮಾರಿಸನಿಗೆ ಆಗಲೇ ಅದು ಹಿಡಿಸಲಿಲ್ಲ. ಸೈನ್ಯದ ಶಿಸ್ತಿನಲ್ಲಿ ಸ್ವರ್ಗವೆಲ್ಲಿಯದೆಂದು ಕೇಳಿ ಅವನು 1890ರಲ್ಲಿ ‘ನ್ಯೂಸ್ ಫ್ರಂ ನೋವೇರ್’ ಎಂಬ ಪ್ರತಿಕೃತಿಯನ್ನು ರಚಿಸಿದನು. ಅಲ್ಲಿ ಕಸ ಸಾಗಿಸುವವನೊಬ್ಬನು ಬಂಗಾರದ ಕಸೂತಿಯ ಉಡುಪು ತೊಟ್ಟು ಬರುತ್ತಾನೆ! ಮೋರನ ಮೂತ್ರಪಾತ್ರೆಯಲ್ಲಿದ್ದ ಚಿನ್ನವು ಮುನ್ನೂರೆಪ್ಪತ್ತು ವರ್ಷಗಳ ತರುವಾಯ ಜಾಡಮಾಲಿಯ ಮೈಮೇಲೆ ಏರಿದ್ದನ್ನು ಕಂಡಾಗ, ಆ ಹಿಂದಿನ ಬೆಂಚಿನ ಹುಡುಗನನ್ನು ಕರೆದು ಈ ಪುಟವನ್ನು ತೋರಿಸಬೇಕೆನಿಸಿತು.

ಮಾರಿಸನನ್ನು ನಾನು ಮೆಚ್ಚುವುದಕ್ಕೆ ಇನ್ನೊಂದು ಕಾರಣವಿದೆ. ಅವನು ತನ್ನ ಸುಂದರ ಲೋಕದಲ್ಲಿ ಗೊಣಗುವ ಮುದುಕನೊಬ್ಬನನ್ನು ಇಟ್ಟಿದ್ದಾನೆ. ಥೇಮ್ಸ್ ನದಿಯ ದಡದ ಆ ಅಜ್ಜ, ಹಿಂದಿನ ಪೈಪೋಟಿಯ ಕಾಲವೇ ಚೆನ್ನಾಗಿತ್ತು, ಆಗಿನ ಪುಸ್ತಕಗಳಲ್ಲಿ ಜೀವವಿತ್ತು ಎಂದು ವಾದಿಸುತ್ತಾನೆ. ಹುಲ್ಲು ಕೊಯ್ಲಿನ ಉತ್ಸವಕ್ಕೆ ಬರಲೊಲ್ಲದೆ ತಮ್ಮ ಕಟ್ಟಡದ ಕೆಲಸಕ್ಕೇ ಅಂಟಿಕೊಂಡ ಹಟಮಾರಿಗಳೂ ಇದ್ದಾರೆ. ಪ್ರೇಮದ ಕಲಹದಲ್ಲಿ ಒಂದು ಸಾವೂ ಸಂಭವಿಸುತ್ತದೆ. ಸೆರೆಮನೆಗಳೇ ಇಲ್ಲದ ಆ ನಾಡಿನಲ್ಲಿ ನೆರೆಹೊರೆಯವರು ಕೊಂದವನ ದುಃಖವನ್ನು ಶಮನ ಮಾಡುವುದೆಂತೆಂದು ಚಿಂತಿಸುತ್ತಾರೆ. ಪರಿಪೂರ್ಣತೆಯ ಗೋಡೆಯಲ್ಲಿ ಕವಿಯೇ ಬೇಕೆಂದು ಬಿಟ್ಟ ಬಿರುಕುಗಳಿವು. ಅವುಗಳ ಮೂಲಕವೇ ಆ ಊರಿಗೆ ಗಾಳಿ ಬರುತ್ತದೆ.

ಅಡುಗೆಮನೆಯ ಕಡೆಯಿಂದ ಕಂಡ ಕನಸುಗಳು ಬೇರೆಯೇ ಬಣ್ಣದವು. ಬಂಗಾಳದ ಬೇಗಂ ರೊಕೆಯಾ 1905ರಲ್ಲಿ ಮದರಾಸಿನ ‘ಇಂಡಿಯನ್ ಲೇಡೀಸ್ ಮ್ಯಾಗಜೀನ್’ ಪತ್ರಿಕೆಯಲ್ಲಿ ‘ಸುಲ್ತಾನಾಳ ಕನಸು’ ಎಂಬ ಇಂಗ್ಲಿಷ್ ಕಥೆಯನ್ನು ಪ್ರಕಟಿಸಿದರು. ಅಲ್ಲಿ ಪರದೆಯೊಳಗೆ ಕುಳಿತವರು ಗಂಡಸರು; ಅವರೇ ಅಡುಗೆ ಮಾಡುತ್ತಾರೆ, ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಹೆಂಗಸರು ಸೂರ್ಯನ ಶಾಖದಿಂದ ಒಲೆ ಉರಿಸಿ, ವಿಜ್ಞಾನದ ಬಲದಿಂದ ರಾಜ್ಯವಾಳುತ್ತಾರೆ. ಇದನ್ನು ಪರಿಪೂರ್ಣ ಸಮಾಜವೆಂದು ರೊಕೆಯಾ ನಂಬಿದ್ದರೆಂದು ನನಗನ್ನಿಸುವುದಿಲ್ಲ. ಬೀಗವನ್ನು ಆಚೆಕಡೆಯಿಂದ ಹಾಕಿದರೆ ಹೇಗಿರುತ್ತದೆಂದು ತೋರಿಸಿ ನಕ್ಕಿದ್ದಾರೆ, ಅಷ್ಟೆ. ಅವರಿಗಿಂತ ಎಷ್ಟೋ ಮೊದಲು ಚಮ್ಮಾರ ವೃತ್ತಿಯ ಸಂತ ರವಿದಾಸರು ದುಃಖವಿಲ್ಲದ, ತೆರಿಗೆಯಿಲ್ಲದ, ಭಯವಿಲ್ಲದ ಬೇಗಂಪುರವನ್ನು ಹಾಡಿದ್ದರು. ಆ ಊರಿನಲ್ಲಿ ಚರ್ಮ ಹದಮಾಡುವವರು ಯಾರೆಂದು ಕೇಳುವ ಅಗತ್ಯವೇ ಬೀಳುವುದಿಲ್ಲ, ಹಾಡುತ್ತಿರುವವರೇ ಅವರು.

ಕೆಲಸದ ಹಂಚಿಕೆಯೊಂದು ಸರಿಹೋದರೆ ಸಮಾಜ ಪರಿಪೂರ್ಣವಾದೀತೆ? ಇಲ್ಲಿ ಕಾಲನ ಪ್ರಶ್ನೆ ಎದುರಾಗುತ್ತದೆ. ಪ್ಲೇಟೋ ತನ್ನ ‘ರಿಪಬ್ಲಿಕ್’ ಗ್ರಂಥದಲ್ಲಿ ಆದರ್ಶ ನಗರವನ್ನು ಇಟ್ಟಿಗೆಯ ಮೇಲೆ ಇಟ್ಟಿಗೆಯಿಟ್ಟು ಕಟ್ಟುತ್ತಾನೆ. ರಕ್ಷಕರಿಗೆ ಸ್ವಂತ ಮನೆಯಿಲ್ಲ, ಸಂಸಾರವಿಲ್ಲ, ಕವಿಗಳಿಗೆ ಬಹಿಷ್ಕಾರ. ಕವಿಗಳನ್ನು ಅಟ್ಟಿದ್ದಕ್ಕಾಗಿ ಅವನನ್ನು ಬೈಯದ ಸಾಹಿತ್ಯದ ಮೇಷ್ಟರಿಲ್ಲ. ಆದರೆ ಎಂಟನೆಯ ಭಾಗದಲ್ಲಿ ಅವನು ಹೇಳುವ ಮಾತು ಗಂಭೀರವಾದುದು: ಹುಟ್ಟಿದ್ದೆಲ್ಲ ಅಳಿಯಬೇಕಾದ್ದರಿಂದ ಈ ನಗರವೂ ಅಳಿಯುತ್ತದೆ. ಹೇಗೆ? ಸಂತಾನೋತ್ಪತ್ತಿಗೆ ಯೋಗ್ಯವಾದ ಕಾಲವನ್ನು ತಿಳಿಸುವ ಒಂದು ಸಂಖ್ಯೆಯುಂಟು. ಎಷ್ಟೇ ಜ್ಞಾನಿಗಳಾದರೂ ಆಳುವವರು ಒಂದು ದಿನ ಆ ಲೆಕ್ಕ ತಪ್ಪುತ್ತಾರೆ. ಸಲ್ಲದ ಹೊತ್ತಿನಲ್ಲಿ ಮಕ್ಕಳು ಹುಟ್ಟುತ್ತಾರೆ. ಅಲ್ಲಿಂದ ಅವನತಿ ಆರಂಭ. ಲೋಕದ ಮೊದಲ ಆದರ್ಶ ರಾಜ್ಯವು ಒಂದು ಕೂಡುವ ಗುಣಿಸುವ ತಪ್ಪಿನಿಂದ ಬಿದ್ದುಹೋಗುವುದನ್ನು ಅದರ ಶಿಲ್ಪಿಯೇ ಬರೆದಿಟ್ಟಿದ್ದಾನೆ.

ಲೆಕ್ಕ ಎಂದೂ ತಪ್ಪದ ರಾಜ್ಯವನ್ನು ರಷ್ಯದ ಯೆವ್ಗೆನಿ ಜಮ್ಯಾತಿನ್ ಕಲ್ಪಿಸಿದನು. 1920ರ ಆಸುಪಾಸಿನಲ್ಲಿ ಬರೆದ ‘ನಾವು’ ಎಂಬ ಕಾದಂಬರಿಯದು ಆ ಲೋಕ. ಮನುಷ್ಯರಿಗೆ ಹೆಸರಿಲ್ಲ, ಅಂಕಿಗಳಿವೆ. ಮನೆಗಳ ಗೋಡೆ ಗಾಜಿನದು. ಇಡೀ ನಾಡು ಒಂದೇ ಗಳಿಗೆಗೆ ತುತ್ತೆತ್ತುತ್ತದೆ. ಕಥೆ ಹೇಳುವವನು ಗಣಿತಜ್ಞ. ನಡೆದ ಕ್ರಾಂತಿಯೇ ಕೊನೆಯ ಕ್ರಾಂತಿ, ಇನ್ನೊಂದು ಅಸಾಧ್ಯ ಎಂದು ನಂಬಿದವನು. ಬಂಡಾಯದ ಹೆಣ್ಣೊಬ್ಬಳು ಅವನನ್ನು, ಹಾಗಾದರೆ ಸಂಖ್ಯೆಗಳಲ್ಲಿ ಕೊನೆಯದು ಯಾವುದು ಹೇಳು ಎಂದು ಕೇಳುತ್ತಾಳೆ. ಗಣಿತಜ್ಞನಿಗೆ ಉತ್ತರ ಗೊತ್ತು. ಗೊತ್ತಿರುವುದರಿಂದಲೇ ಅವನು ತತ್ತರಿಸುತ್ತಾನೆ. ಈ ಕೃತಿ 1924ರಲ್ಲಿ ಇಂಗ್ಲಿಷ್ ಅನುವಾದವಾಗಿ ಹೊರದೇಶದಲ್ಲಿ ಬೆಳಕು ಕಂಡಿತು. ಲೇಖಕನ ಸ್ವದೇಶದಲ್ಲಿ ಅಚ್ಚಾಗಲು 1988 ಬರಬೇಕಾಯಿತು.

ಅದೇ ರಷ್ಯದ ದಾಸ್ತೊಯೆವ್‌ಸ್ಕಿಯ ಕಥೆ ಇನ್ನೂ ಕಹಿಯಾದುದು. ಯೌವನದಲ್ಲಿ ಅವನೂ ಫ್ರಾನ್ಸಿನ ಫೂರಿಯೇ ಬಣ್ಣಿಸಿದ ಆದರ್ಶ ಸಮುದಾಯಗಳನ್ನು ಚರ್ಚಿಸುವ ಗೆಳೆಯರ ಗುಂಪಿನಲ್ಲಿದ್ದನು. ಅಷ್ಟಕ್ಕೇ 1849ರಲ್ಲಿ ಸೆರೆ, ಮರಣದಂಡನೆಯ ತೀರ್ಪು. ಗುಂಡಿಕ್ಕುವ ಮೈದಾನಕ್ಕೆ ಒಯ್ದು ಕಡೆಯ ಕ್ಷಣದಲ್ಲಿ ಕ್ಷಮಾದಾನ. ಅನಂತರ ಸೈಬೀರಿಯಾದಲ್ಲಿ ನಾಲ್ಕು ವರ್ಷ ಕಠಿಣ ಶಿಕ್ಷೆ. ಹಿಂತಿರುಗಿ ಬಂದವನು ಆದರ್ಶ ಸಮಾಜವನ್ನು ಕಟ್ಟುವ ಲೆಕ್ಕಿಗರನ್ನು ನಂಬಲಾರದವನಾದನು. 1864ರಲ್ಲಿ ಅವನು ಬರೆದ ನೆಲಮಾಳಿಗೆಯ ಮನುಷ್ಯನ ಟಿಪ್ಪಣಿಗಳಲ್ಲಿ, ಸಕಲ ಸುಖವನ್ನೂ ಗಣಿತದಿಂದ ನಿಗದಿಪಡಿಸಿದ ಸ್ಫಟಿಕದ ಅರಮನೆಯಲ್ಲಿ ಮನುಷ್ಯನು ತನ್ನ ಸ್ವಾತಂತ್ರ್ಯವನ್ನು ಸಾಬೀತುಪಡಿಸಲು ಬೇಕೆಂದೇ ಹುಚ್ಚನಾದಾನು ಎಂಬ ವಾದ ಬರುತ್ತದೆ. ‘ಕರಮಜೋವ್ ಸಹೋದರರು’ ಕಾದಂಬರಿಯಲ್ಲಿ ಅಣ್ಣನು ತಮ್ಮನನ್ನು ಕೇಳುವ ಪ್ರಶ್ನೆಯಂತೂ ನಿದ್ದೆಗೆಡಿಸುವಂಥದು: ಒಂದೇ ಒಂದು ಎಳೆಯ ಮಗುವನ್ನು ಹಿಂಸಿಸಿ, ಅದರ ಕಣ್ಣೀರಿನ ಮೇಲೆ ಮನುಕುಲದ ಶಾಶ್ವತ ಸುಖದ ಸೌಧವನ್ನು ಕಟ್ಟಬಹುದಾದರೆ ನೀನು ಅದರ ಶಿಲ್ಪಿಯಾಗುವೆಯಾ?

ನಮ್ಮ ಭಾಷೆಯ ಆದಿಕವಿಯೂ ಒಂದು ಪರಿಪೂರ್ಣ ಲೋಕವನ್ನು ಚಿತ್ರಿಸಿರುವನೆಂಬುದನ್ನು ನಾವು ಈ ಸಂದರ್ಭದಲ್ಲಿ ನೆನೆಯುವುದು ಕಡಮೆ. 941ರಲ್ಲಿ ರಚಿತವಾದ ಪಂಪನ ‘ಆದಿಪುರಾಣ’ದಲ್ಲಿ ವಜ್ರಜಂಘ ಶ್ರೀಮತಿಯರು ಶಯ್ಯಾಗೃಹದಲ್ಲಿ ಕವಿದ ಧೂಪದ ಹೊಗೆಗೆ ಸಿಕ್ಕಿ ಒಬ್ಬರನ್ನೊಬ್ಬರು ತಬ್ಬಿ ಮಡಿದು, ಪಾತ್ರದಾನದ ಪುಣ್ಯದಿಂದ ಉತ್ತರಕುರು ಎಂಬ ಭೋಗಭೂಮಿಯಲ್ಲಿ ಹುಟ್ಟುವ ಪ್ರಸಂಗವನ್ನು ಅರಿಯದ ಕನ್ನಡಿಗರು ವಿರಳ. ಭೋಗಭೂಮಿಯಲ್ಲಿ ಉಳುಮೆಯಿಲ್ಲ, ಒಡೆತನವಿಲ್ಲ, ಜಗಳವಿಲ್ಲ. ಹತ್ತು ಬಗೆಯ ಕಲ್ಪವೃಕ್ಷಗಳು ಅನ್ನ, ಬಟ್ಟೆ, ಬೆಳಕು, ಪಾತ್ರೆ, ಆಭರಣ ಎಲ್ಲವನ್ನೂ ಕೊಡುತ್ತವೆ. ಪಾತ್ರೆಯನ್ನು ಮರವೇ ಕೊಡುವಲ್ಲಿ ತಿಕ್ಕುವ ಮಾತೆಲ್ಲಿ? ಸಾವೂ ನೋವಿಲ್ಲದ್ದು, ಗಂಡು ಒಂದು ಸೀನಿಗೆ, ಹೆಣ್ಣು ಒಂದು ಆಕಳಿಕೆಗೆ ಪ್ರಾಣ ಬಿಡುವರೆಂದು ಜೈನ ಗ್ರಂಥಗಳು ಹೇಳುತ್ತವೆ. ಹೀಗಿದ್ದೂ ಆ ಶಾಸ್ತ್ರವು ಒಂದು ಮಾತನ್ನು ಖಂಡಿತವಾಗಿ ನುಡಿಯುತ್ತದೆ: ಭೋಗಭೂಮಿಯಿಂದ ಮೋಕ್ಷವಿಲ್ಲ. ಅಲ್ಲಿ ವ್ರತ ಹಿಡಿಯಲಾಗದು, ಸಂಯಮ ಸಾಧಿಸಲಾಗದು. ಬಿಡುವುದಕ್ಕೆ ಏನಾದರೂ ಕಷ್ಟಪಟ್ಟು ಗಳಿಸಿದ್ದು ಇದ್ದರಲ್ಲವೆ? ಕಾಲ ತಿರುಗಿ ಕಲ್ಪವೃಕ್ಷಗಳು ಮಾಯವಾಗುತ್ತ ಬಂದಾಗ ಹಸಿದ ಜನ ನಾಭಿರಾಜನ ಬಳಿಗೆ ಓಡಿಬರುತ್ತಾರೆ. ಅವನ ಮಗ ಋಷಭನು ಅವರಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳನ್ನು ಕಲಿಸುತ್ತಾನೆ. ನೆಲ ಕರ್ಮಭೂಮಿಯಾಗುತ್ತದೆ. ಬೆವರು, ಜಗಳ, ದಂಡನೆ ಎಲ್ಲವೂ ಬರುತ್ತವೆ. ಜೊತೆಗೆ ತೀರ್ಥಂಕರನೂ ಬರುತ್ತಾನೆ. ಪಾಶ್ಚಾತ್ಯರು ಪರಿಪೂರ್ಣ ಸಮಾಜ ಅಸಾಧ್ಯವೆಂದು ಶತಮಾನಗಳ ಕಾಲ ವಾದಿಸಿದರು. ಜೈನ ಕವಿಯು ಅದು ಸಾಧ್ಯವೆಂದು ಒಪ್ಪಿಕೊಂಡೇ, ಸಾಧಕನಿಗೆ ಅದರಿಂದ ಪ್ರಯೋಜನವಿಲ್ಲವೆಂದು ತೋರಿಸುತ್ತಾನೆ. ಎರಡನೆಯದು ನನಗೆ ಹೆಚ್ಚು ಧೀರವಾದ ನಿಲುವಾಗಿ ಕಾಣುತ್ತದೆ.

ಮೋರನ ಅಂತ್ಯವನ್ನೂ ಹೇಳಬೇಕು. ಅವನ ದ್ವೀಪದಲ್ಲಿ ನಾನಾ ಮತಗಳವರು ಕಾದಾಡದೆ ಬದುಕುತ್ತಾರೆ. ಅವನೇ 1529ರಿಂದ 1532ರವರೆಗೆ ಇಂಗ್ಲೆಂಡಿನ ಲಾರ್ಡ್ ಚಾನ್ಸಲರ್ ಆಗಿದ್ದಾಗ ಮತಭ್ರಷ್ಟರೆನಿಸಿಕೊಂಡ ಕೆಲವರು ಚಿತೆಗೇರಿದರು. ಅರಸನನ್ನು ಧರ್ಮದ ಮುಖ್ಯಸ್ಥನೆಂದು ಒಪ್ಪಲು ತನ್ನ ಅಂತಃಸಾಕ್ಷಿ ಬಿಡಲಿಲ್ಲವಾಗಿ 1535ರ ಜುಲೈ 6ರಂದು ಅವನೂ ತಲೆಯೊಡ್ಡಿದನು. ಅದೇ ಮನುಷ್ಯ, ಅದೇ ಕೈ. ಗ್ರಂಥದ ಕೊನೆಯಲ್ಲಿ ಅವನು, ಆ ದ್ವೀಪದಲ್ಲಿನ ಅನೇಕ ಸಂಗತಿಗಳು ನಮ್ಮಲ್ಲಿಯೂ ಬರಲೆಂದು ಹಾರೈಸುವೆನೇ ಹೊರತು ಬಂದಾವೆಂಬ ಭರವಸೆ ತನಗಿಲ್ಲವೆಂಬ ಅರ್ಥದ ಮಾತನ್ನಾಡಿ ಮುಗಿಸುತ್ತಾನೆ.

ಕಳೆದ ವರ್ಷ ಬೆಂಗಳೂರಿನಲ್ಲಿ ಪದವಿ ತರಗತಿಯಲ್ಲಿರುವ ನನ್ನ ಮೊಮ್ಮಗಳು ರಜೆಗೆ ಬಂದಿದ್ದಳು. ಅವಳ ಪಠ್ಯದಲ್ಲಿ ಅಮೆರಿಕದ ಉರ್ಸುಲಾ ಲೆ ಗ್ವಿನ್ 1973ರಲ್ಲಿ ಪ್ರಕಟಿಸಿದ ಓಮೆಲಾಸ್ ಎಂಬ ನಗರದ ಕಥೆಯಿತ್ತು. ದಾಸ್ತೊಯೆವ್‌ಸ್ಕಿಯ ಆ ಪ್ರಶ್ನೆಯೇ ಅಲ್ಲಿ ಕಥೆಯಾಗಿದೆ. ಕಡಲ ತಡಿಯ ಸುಂದರ ನಗರ; ರಾಜನಿಲ್ಲ, ಸೈನಿಕರಿಲ್ಲ; ಎಲ್ಲರೂ ಸುಖಿಗಳು. ಆದರೆ ಒಂದು ನೆಲಮಾಳಿಗೆಯಲ್ಲಿ, ನೆಲ ಒರೆಸುವ ಗಬ್ಬುನಾತದ ಕೋಲುಗಳನ್ನೂ ತುಕ್ಕುಹಿಡಿದ ಬಕೆಟನ್ನೂ ಇಡುವ ಕತ್ತಲೆಯ ಕೋಣೆಯಲ್ಲಿ ಒಂದು ಮಗುವನ್ನು ಕೂಡಿಹಾಕಿದ್ದಾರೆ. ಆ ಮಗುವಿನ ನರಳಾಟದ ಮೇಲೆ ನಗರದ ಸುಖ ನಿಂತಿದೆಯೆಂಬುದು ಎಲ್ಲರಿಗೂ ಗೊತ್ತು. ಬಹುಪಾಲು ಜನ ಅತ್ತು, ಕೋಪಿಸಿಕೊಂಡು, ಕ್ರಮೇಣ ಹೊಂದಿಕೊಳ್ಳುತ್ತಾರೆ. ಕೆಲವರು ಮಾತ್ರ ಮಾತಾಡದೆ, ಒಬ್ಬೊಬ್ಬರೇ, ಊರನ್ನು ಬಿಟ್ಟು ಹೊರಟುಹೋಗುತ್ತಾರೆ. ನನಗೋ, ಆ ಮಗುವನ್ನು ಇಟ್ಟ ಜಾಗ ಕಸಬರಿಕೆಯ ಕೋಣೆಯೆಂಬುದೇ ಎದೆಗೆ ನಾಟಿತ್ತು. ಮೊಮ್ಮಗಳ ಸಿಟ್ಟು ಬೇರೆ. “ತಾತ, ಬಿಟ್ಟುಹೋದವರನ್ನು ನಮ್ಮ ಮೇಡಂ ದೊಡ್ಡವರೆಂದು ಹೊಗಳಿದರು. ಅವರು ಹೋದದ್ದರಿಂದ ಮಗುವಿಗೆ ಏನು ಬಂತು? ಕೋಣೆ ಅಲ್ಲೇ ಇದೆ, ಮಗು ಅಲ್ಲೇ ಇದೆ. ಹೋದವರು ತಮ್ಮ ಕೈಯನ್ನಷ್ಟೇ ತೊಳೆದುಕೊಂಡರು” ಎಂದಳು. ಅವಳ ವಯಸ್ಸಿನಲ್ಲಿ ಆ ಸಿಟ್ಟು ಇರಬೇಕಾದ್ದೇ. ಎಲ್ಲವೂ ಅಸಾಧ್ಯವೆಂದು ತಾತ ಉಪದೇಶ ಮಾಡುವನೆಂಬ ಭಯ ಅವಳ ಕಣ್ಣಿನಲ್ಲಿತ್ತು. “ಮಗು, ಹೋದವರು ಎಲ್ಲಿಗೆ ಹೋದರೆಂಬುದನ್ನು ಆ ಲೇಖಕಿಯೇ ಮರುವರ್ಷ ಬರೆದಿದ್ದಾಳೆ, ಓದು” ಎಂದು ಕಪಾಟಿನಿಂದ ಎರಡು ಪುಸ್ತಕ ತೆಗೆದುಕೊಟ್ಟೆ.

ಒಂದು, 1974ರ ‘ದಿ ಡಿಸ್ಪೊಸೆಸ್ಡ್’ ಕಾದಂಬರಿ. ಓಡೋ ಎಂಬ ಹೆಂಗಸಿನ ತತ್ತ್ವವನ್ನು ನಂಬಿದವರು ಅನಾರೆಸ್ ಎಂಬ ಬರಡು ನೆಲದಲ್ಲಿ ಒಡೆಯರಿಲ್ಲದ ಸಮಾಜವನ್ನು ಕಟ್ಟಿಕೊಂಡು ಒಂದೂವರೆ ಶತಮಾನ ದಾಟಿದೆ. ಅಲ್ಲಿ ಹೊಲಸು ಕೆಲಸಕ್ಕೆ ಪಾಳಿಯಿದೆ, ಹತ್ತು ದಿನಕ್ಕೊಮ್ಮೆ ಎಲ್ಲರಿಗೂ. ಬೆಲ್ಲಕ್ಕೆ ಪಾಳಿ ಮಾರಿಕೊಳ್ಳಲು ಅಲ್ಲಿ ಬೆಲ್ಲವೇ ಇಲ್ಲ! ಆದರೂ ನೆರೆಯವರ ಬಾಯಿಗೆ ಹೆದರುವ ಹೆದರಿಕೆಯಿದೆ. ಹೊಸದನ್ನು ಕಂಡುಹಿಡಿದವನನ್ನು ಹಿರಿಯ ವಿದ್ವಾಂಸನೊಬ್ಬ ಅಸೂಯೆಯಿಂದ ತಡೆಯುತ್ತಾನೆ. ಬರಗಾಲದಲ್ಲಿ ಜನ ಧಾನ್ಯದ ಗಾಡಿಗಳಿಗೆ ಅಡ್ಡಬೀಳುತ್ತಾರೆ. ‘ಸಂದಿಗ್ಧ ಯುಟೋಪಿಯಾ’ ಎಂದೇ ಆ ಕೃತಿಯ ಖ್ಯಾತಿ. ಇನ್ನೊಂದು, ‘ಕ್ರಾಂತಿಯ ಹಿಂದಿನ ದಿನ’ ಎಂಬರ್ಥದ ಹೆಸರಿನ ಸಣ್ಣಕಥೆ, ಅದೂ 1974ರದೇ. ಇದು ಓಮೆಲಾಸನ್ನು ಬಿಟ್ಟುಹೋದವರಲ್ಲಿ ಒಬ್ಬಳ ಕಥೆಯೆಂದು ಲೇಖಕಿ ಮೊದಲೇ ಹೇಳಿಬಿಟ್ಟಿದ್ದಾಳೆ. ಆ ಒಬ್ಬಳು ಓಡೋ. ಎಪ್ಪತ್ತು ದಾಟಿದ ಮುದುಕಿ, ಪಾರ್ಶ್ವವಾಯು ಬಡಿದಿದೆ, ಗಂಡನನ್ನು ಎಂದೋ ಕಳೆದುಕೊಂಡಿದ್ದಾಳೆ, ಸೆರೆಮನೆಯನ್ನೂ ಕಂಡು ಬಂದವಳು. ಎಳೆಯ ಹುಡುಗ ಹುಡುಗಿಯರು ಅವಳನ್ನು ಪೂಜ್ಯಳೆಂದು ನಡೆಸಿಕೊಳ್ಳುವುದು ಅವಳಿಗೆ ಬೇಸರ. ಒಂದು ಮಧ್ಯಾಹ್ನ ಯಾರಿಗೂ ಹೇಳದೆ ಬೀದಿಗೆ ಹೋಗಿ, ಬಡವರ ಕೇರಿಯಲ್ಲಿ ಕಾಲು ಸೋತು ಒಂದು ಮೆಟ್ಟಿಲ ಮೇಲೆ ಕುಳಿತುಬಿಡುತ್ತಾಳೆ. ಯಾರೋ ಮನೆಗೆ ಕರೆತರುತ್ತಾರೆ. ಅಲ್ಲಿ ಎಲ್ಲರೂ ಸಂಭ್ರಮದಲ್ಲಿದ್ದಾರೆ. ನಾಳೆ ಮುಷ್ಕರ, ನಾಳೆ ಮೆರವಣಿಗೆ, ನಾಳೆ ನೀವು ಮಾತನಾಡಬೇಕು ಎನ್ನುತ್ತಾರೆ. ನಾಳೆ ತಾನು ಇಲ್ಲಿರುವುದಿಲ್ಲವೆಂದು ಅವಳು ಉತ್ತರಿಸುತ್ತಾಳೆ. ಅವರಿಗೆ ಅದರ ಅರ್ಥ ಸರಿಯಾಗಿ ತಿಳಿಯುವುದಿಲ್ಲ. ಮುದುಕಿ ಮಹಡಿಯ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತತೊಡಗುತ್ತಾಳೆ.